ಹುಣಸೆಬೀಜದ ನೇರ ಗೆರೆ

ಚಿನ್ನದ ಗಣಿ ಕೆಲಸಗಾರರ ಊರಿಗಾಂ ಲೈನಿನ ಆ ಮನೆಗೆ ನಾನು ಏಳು ಸಂಜೆ ಹೋಗಿದ್ದೆ ಎಂದು ಡೈರಿ ಹೇಳುತ್ತದೆ. ನೆನಪಿಗಿಂತ ಡೈರಿಯನ್ನೇ ನಂಬುವುದು ನನ್ನ ಅಭ್ಯಾಸ. ಈ ಒಂದು ವಿಷಯದಲ್ಲಿ ಎರಡನ್ನೂ ನಂಬಲಾರೆ.

ಐವತ್ತರ ದಶಕದ ಕೊನೆ. ಗಣಿತದಲ್ಲಿ ಡಿಗ್ರಿ ಮುಗಿಸಿ, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಗಣಿಯ ಸರ್ವೆ ಕಚೇರಿಗೆ ಹೋಗಿಬರುತ್ತಿದ್ದೆ. ಒಮ್ಮೆ ಆಳದಲ್ಲಿ ಬಂಡೆ ಸಿಡಿಯಿತು. ಸಿಡಿದ ಮೇಲೆ ಕೆಲವು ದಿನ ನೆಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಲೈನಿನ ಮನೆಗಳಲ್ಲಿ ಹಲಗೆಯ ಮೇಲಿನ ಹಿತ್ತಾಳೆ ಲೋಟಗಳು ಗಲಗಲ ಅನ್ನುತ್ತವೆ. ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸಗಾರನೊಬ್ಬನ ಹೆಂಡತಿ, ಬೆಳಗಿನಿಂದ ದೀಪ ಹಚ್ಚುವವರೆಗೆ, ಲೋಟ ಸದ್ದಾದಾಗಲೆಲ್ಲ ಅಕ್ಕಿ ಅಳೆಯುವ ಪಾವಿಗೆ ಒಂದು ಹುಣಸೆಬೀಜ ಹಾಕುತ್ತಿದ್ದಳು. ಬೀಜ ಕಡಿಮೆಯಾಗದೆ ಗಂಡನನ್ನು ಗಣಿಗೆ ಇಳಿಯಲು ಬಿಡುವುದಿಲ್ಲ ಎಂಬುದು ಅವಳ ಹಟ. ಎಂದಿಗೆ ಕಡಿಮೆಯಾಗುತ್ತದೆಂದು ನಾನು ಲೆಕ್ಕ ಹಾಕಿ ಹೇಳುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ.

ಮೊದಲ ದಿನ ಅರವತ್ತು ಬೀಜ, ಎರಡನೆಯ ದಿನ ಮೂವತ್ತು, ನಾಲ್ಕನೆಯ ದಿನ ಹದಿನೈದು. ಹಾಗೆಯೇ ಗುರುತು ಹಾಕಿದರೆ ಗೆರೆ ಧಡಕ್ಕನೆ ಇಳಿದು, ಆಮೇಲೆ ಬಾಗಿ ತೆವಳುತ್ತಿತ್ತು; ಮುಂದೆ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ತಿಳಿಯದು. ದಿನಕ್ಕೂ ಬೀಜಕ್ಕೂ ಲಾಗರಿದಮ್ ತೆಗೆದು ಮತ್ತೆ ಗುರುತು ಹಾಕಿದೆ. ಬಾಗಿದ್ದು ನೇರವಾಯಿತು. ಸ್ಕೇಲಿಟ್ಟು ಮುಂದಿನ ದಿನಗಳಿಗೆ ಎಳೆದೆ.

"ಇವ್ಳು ಎಣ್ಸೋದು, ನೀವು ಗೀಟು ಎಳೆಯೋದು, ಇಳಿಯೋನು ಮಾತ್ರ ನಾನು," ಎಂದು ಗಂಡ ನಕ್ಕ. "ಉಣ್ಸೆಬೀಜಕ್ಕೂ ಬೆಂಗಳೂರು ಓದು ಬೇಕಾಯ್ತಾ ಸ್ವಾಮಿ?"

ಐದನೆಯ ದಿನ ಇಪ್ಪತ್ತು ಬೀಜ. ನನ್ನ ಗೆರೆ ಹೇಳಿದ್ದು ಹನ್ನೆರಡು. ಲಾಗರಿದಮ್ಮಿನ ಹಾಳೆಯಲ್ಲಿ ಆ ಚುಕ್ಕೆ ಗೆರೆಗಿಂತ ಉಗುರಿನಷ್ಟೇ ಮೇಲಿತ್ತು. ಅಲ್ಲಿ ದೊಡ್ಡ ಅಂತರವೂ ಸಣ್ಣದಾಗಿ ಕಾಣುತ್ತದೆಂದು ಓದಿದವನಿಗೆ ಗೊತ್ತಿರಬೇಕು. ಅವಳ ಎಣಿಕೆ ತಪ್ಪಿದೆ ಅಂದುಕೊಂಡೆ. ಆರನೆಯ ದಿನ ಹತ್ತು, ಸರಿಯಾಗಿ ಗೆರೆಯ ಮೇಲೆ. ಏಳನೆಯ ದಿನ ಎಂಟು.

"ನೀವು ಓಗು ಅಂದ್ರೆ ಓಯ್ತೀನಿ," ಎಂದ ಅವನು. "ಬ್ಯಾಡ ಅಂದ್ರೆ ಬ್ಯಾರೆ ಶಾಫ್ಟಿಗೆ ಕೇಳ್ಕೊತೀನಿ."

"ಅಡಗ್ತಾ ಇದೆ. ಹೋಗಬಹುದು," ಎಂದೆ.

ಮರುದಿನ ಅದೇ ಜಾಗದಲ್ಲಿ ಮತ್ತೆ ಬಂಡೆ ಸಿಡಿಯಿತು. ಅವನು ಮೇಲೆ ಬರಲಿಲ್ಲ.

ಆ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ತಿಂಗಳಾದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವಳೇ ಸಿಕ್ಕಳು. ಕೂಸನ್ನೆತ್ತಿಕೊಂಡು ತವರಿಗೆ ಹೊರಟಿದ್ದಳು.

"ಐದನೇ ದಿನ ಲೋಟದ ಸದ್ದಿಗೆ ಕೂಸು ಎದ್ದೆದ್ದು ಅಳ್ತಿತ್ತು ಸ್ವಾಮಿ. ಮಾರ್ನೇ ದಿನ ಲೋಟದ ಕೆಳಗೆ ಸೀರೆ ಆಸ್ದೆ. ಅದ್ರಿಂದ ಏನಾರ ಆಯ್ತಾ?"

"ಇಲ್ಲಮ್ಮ," ಎಂದೆ.

ಸೀರೆಯ ವಿಷಯ ನನಗೆ ಮೊದಲು ತಿಳಿದದ್ದು ಆ ಪ್ಲಾಟ್‌ಫಾರ್ಮಿನಲ್ಲಿ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಆರನೆಯ ದಿನದ ಪುಟದಲ್ಲಿ ಇರುವುದೂ ಹತ್ತು ಎಂಬ ಅಂಕಿ ಮಾತ್ರ.

ಆದರೆ ಅದು ಮಾಸಿದ ಹಸಿರು ಸೀರೆ. ಅರಿಸಿನ ಬಣ್ಣದ ಅಂಚು ಹಲಗೆಯಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಬಣ್ಣವನ್ನು ಅವಳು ಹೇಳಿರಲಿಲ್ಲ.