ಸರ್, ಚಾ ಕುಡದ ಹೋಗ್ರಿ

ನನ್ನ ಸಿಟ್ಟು ಹೆಚ್ಚೆಂದರೆ ನಮ್ಮ ಮನೆಯ ಹೊಸ್ತಿಲವರೆಗೆ ಹೋಗುತ್ತದೆ; ಆಚೆ ದಾಟಿದ್ದು ಕಡಿಮೆ. ಆದರೆ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನೊಳಗೆ ಹೊಕ್ಕ ವರ್ಷ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೀವೇ ಹೇಳಿ, ಇಳಿಯಬೇಕೆ?

ಅರಕೇರಾದಲ್ಲಿ ನೆಟ್‌ವರ್ಕ್ ಸಿಗದೆ ನನ್ನ ತಂಗಿ ಈರಮ್ಮ ಮಗಳು ರೇಣುಕಾಳನ್ನು ಕರೆದುಕೊಂಡು ರಾಯಚೂರಿನ ನಮ್ಮ ಮನೆಗೆ ಬಂದಿದ್ದಳು. ರೇಣುಕಾಳ ದೇವದುರ್ಗದ ಶಾಲೆಯಿಂದ ಅಪ್ಪಣೆಯಾಗಿತ್ತು: ಪಾಲಕರು ಕಡ್ಡಾಯವಾಗಿ ಮಗುವಿನ ಪಕ್ಕದಲ್ಲಿ ಕೂರಬೇಕು. ಈರಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಫೋನಿನ ಮುಂದೆ ಕೂತಳು. ಹಾಜರಿ ಕೂಗುತ್ತಿದ್ದರಿಂದ ಮೈಕ್ ತೆರೆದೇ ಇತ್ತು. ಮಾಸ್ತರರ ಮುಖ ಕಂಡದ್ದೇ ತಡ, ಎದ್ದು ನಿಂತು ಕೈ ಮುಗಿದಳು.

"ಬರ್ರಿ ಸರ್, ಕುಂದರ್ರಿ. ಚಾ ಇಟ್ಟೀನಿ, ಕುಡದ ಹೋಗ್ಬೇಕ್ರಿ ಮತ್ತ."

ಮನೆಗೆ ಬಂದ ಮಾಸ್ತರರನ್ನು ಬರಿಗಂಟಲಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ನನ್ನ ಮೇಲೆ ದೂರು ಹೇಳಲು ಬಂದ ಮಾಸ್ತರರು ನಮ್ಮವ್ವನ ಚಹಾ ಕುಡಿದು, ನನ್ನನ್ನೇ ಹೊಗಳಿ ಹೋಗುತ್ತಿದ್ದರು; ನಾನು ಪಾಸಾದದ್ದರಲ್ಲಿ ಆ ಚಹಾದ ಪಾಲು ದೊಡ್ಡದು. ಹಿಂದಿನ ಕಾಲದ ಶಿಷ್ಯರು ಸೌದೆ ಹೊತ್ತು ಗುರುವಿನ ಮನೆಗೆ ಹೋಗುತ್ತಿದ್ದರಂತೆ. ಗುರುವೇ ನಮ್ಮ ಪಡಸಾಲೆಗೆ ಬಂದಿರುವಾಗ ಒಂದು ಕಪ್ ಚಹಾ ಹೆಚ್ಚಾಯಿತೆ?

ಹೆಚ್ಚಾಯಿತು! ಫೋನಿನೊಳಗಿನ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. "ಕ್ಲಾಸ್ ಡಿಸ್ಟರ್ಬ್ ಆಗ್ತದ" ಎಂದು ಮಾಸ್ತರರು ರೇಣುಕಾಳನ್ನು ಆ ದಿನದ ತರಗತಿಯಿಂದಲೇ ತೆಗೆದುಹಾಕಿದರು. ಪಕ್ಕದಲ್ಲಿ ಕೂರಿ ಎನ್ನುವವರೂ ಇವರೇ, ಕೂತರೆ ಹೊರಗೆ ಹಾಕುವವರೂ ಇವರೇ! ಕೆಂಡಾಮಂಡಲವಾದ ನಾನು ಶಾಲೆಯ ವಾಟ್ಸ್‌ಆಪ್ ಗುಂಪಿಗೆ ಉದ್ದನೆಯ ಬೈಗುಳ ಬರೆಯಲು ಹೊರಟೆ. ಆ ಗುಂಪಿನಲ್ಲಿ ಶಾಲೆಯವರು ಮಾತ್ರ ಮಾತಾಡಬಹುದಂತೆ. ಪಾಲಕರು ಓದಬೇಕು, ಅಷ್ಟೇ. ನನ್ನ ಸಿಟ್ಟು ಮತ್ತೆ ಹೊಸ್ತಿಲಲ್ಲೇ ನಿಂತಿತು.

ಮರುದಿನ ಪಾಠದ ಹೊತ್ತಿಗೆ ರೇಣುಕಾ ಕೋಣೆಯ ಬಾಗಿಲು ಮುಚ್ಚಿಕೊಂಡಳು.

"ನೀ ಒಳಗ ಬರಬ್ಯಾಡ ಯವ್ವಾ. ಎಲ್ಲಾರೂ ನಗ್ತಾರ."

ಈರಮ್ಮ ಹೊರಗೆ ಗೋಡೆಗೆ ಒರಗಿ ಕೂತಳು. "ನಂದೇನ್ ತಪ್ಪಾತು ಅಣ್ಣಾ?" ಎಂದಳು. ಹೆತ್ತ ತಾಯಿಯನ್ನು ಕಂಡು ಮಗಳು ನಾಚುವಂತೆ ಮಾಡುವ ಇದೆಂಥ ವಿದ್ಯೆ?

ಒಳಗೆ ಗುಣಾಕಾರ ನಡೆದಿತ್ತು. ಇದ್ದಕ್ಕಿದ್ದಂತೆ ಮಾಸ್ತರರ ಹಿಂದಿನಿಂದ ಒಂದು ಹೆಣ್ಣುದನಿ, ಬಾಗಿಲು ದಾಟಿ ನಮಗೂ ಕೇಳುವಷ್ಟು ಜೋರಾಗಿ ಬಂತು: "ಏನ್ರೀ, ಚಾ ಆರಾಕತ್ತದ, ಕುಡದು ಪಾಠ ಹೇಳ್ರಿ!"

ಮಾಸ್ತರರನ್ನು ಯಾರೂ ತರಗತಿಯಿಂದ ತೆಗೆದುಹಾಕಲಿಲ್ಲ. ಗುಣಾಕಾರ ಸ್ವಲ್ಪ ಹೊತ್ತು ನಿಂತಿತು. ನಮ್ಮ ಕೋಣೆಯ ಬಾಗಿಲು ತೆರೆಯಿತು.

"ಬಾ ಬೇ ಯವ್ವಾ," ಅಂದಳು ರೇಣುಕಾ, ಮೈಕ್ ಬಂದ್ ಮಾಡದೆಯೇ. "ಸರ್ ಚಾ ಕುಡ್ಯಾಕತ್ತಾರ. ನೀನೂ ಬಂದು ಕುಂದರು."