ಅಪ್ಪನ ಪಕ್ಕ ನಿಂತವನು

ವೃದ್ಧಾಶ್ರಮದಲ್ಲಿ ಫ್ರಾವ್ ಕ್ರ್ಯೂಗರ್ ಅವರ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದೆ. ದಿಂಬಿನ ಕೆಳಗಿದ್ದ ಬಿಸ್ಕತ್ತಿನ ಡಬ್ಬಿ ಜಾರಿ ಬಿದ್ದು ಮುಚ್ಚಳ ತೆರೆದುಕೊಂಡಿತು. ಹಳೆಯ ಫೋಟೋಗಳು ನೆಲದ ಮೇಲೆ ಹರಡಿದವು. ಒಂದನ್ನು ಎತ್ತಿಕೊಂಡೆ. ಮಿಲಿಟರಿ ಬಟ್ಟೆಯ ಯುವಕ, ತೋಳಿನಲ್ಲಿ ಒಂದು ಕೂಸು. "ನಿಮ್ಮ ತಂದೆಯೇ? ಎಷ್ಟು ಲಕ್ಷಣವಾಗಿದ್ದಾರೆ! ಕಟ್ಟು ಹಾಕಿಸಿ ತರುತ್ತೇನೆ, ಗೋಡೆಗೆ ಹಾಕೋಣ. ನಮ್ಮಪ್ಪನೂ ಸೈನಿಕರೇ," ಎಂದೆ, ನನ್ನ ಹರುಕುಮುರುಕು ಜರ್ಮನ್ನಿನಲ್ಲಿ.

ಅವರು ಫೋಟೋ ಕಿತ್ತುಕೊಂಡ ರಭಸಕ್ಕೆ ನನ್ನ ಬೆರಳು ತರಚಿತು. ಚಮಚ ಎತ್ತಲೂ ನಡುಗುವ ಕೈ ಅದು. "ಗೋಡೆಗೆ? ಇದನ್ನು?" ಎಂದವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಜೊತೆಗಿದ್ದ ನರ್ಸ್ ಪೆಟ್ರಾ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಅದು ಯಾವ ಸೈನ್ಯದ ಬಟ್ಟೆ ಅಂತ ನೋಡಲಿಲ್ಲವೇ? ಇಲ್ಲಿ ಅಂಥದ್ದನ್ನು ಯಾರೂ ಗೋಡೆಗೆ ಹಾಕುವುದಿಲ್ಲ," ಎಂದು ಪಿಸುಗುಟ್ಟಿದಳು.

ನಾಜಿಗಳ ಕಥೆಯನ್ನು ನಾನೂ ಶಾಲೆಯಲ್ಲಿ ಓದಿ ಪರೀಕ್ಷೆ ಬರೆದವಳೇ. ಆದರೆ ಆ ಪಾಠದೊಳಗಿನ ಸೈನಿಕನೊಬ್ಬ ಯಾರದೋ ಅಪ್ಪನೂ ಆಗಿದ್ದ, ಅವನ ಕೂಸನ್ನು ಮುಂದೊಂದು ದಿನ ನಾನು ಮೀಯಿಸಿ ಬಟ್ಟೆ ತೊಡಿಸುತ್ತೇನೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ನಮ್ಮ ಊರು ತಿ. ನರಸೀಪುರದ ಹತ್ತಿರದ ಹಳ್ಳಿ. ಈಗ ತಮ್ಮ ಆನಂದ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ, ಅಪ್ಪ ಅವನ ಜೊತೆಗಿದ್ದಾರೆ. ನಾನು ಮೈಸೂರಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ಮದುವೆ ಕೂಡಿಬರಲಿಲ್ಲ. ನಲವತ್ತು ದಾಟಿದ ಮೇಲೆ ಜರ್ಮನ್ ಕಲಿತು, ಈ ದೇಶದ ನಡುವಿನ ಸಣ್ಣ ಪಟ್ಟಣದ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಬಂದೆ. ನಮ್ಮ ನರಸೀಪುರದ ಸಂಗಮದ ಹಾಗೆ ಇಲ್ಲಿಯೂ ಎರಡು ನದಿಗಳು ಕೂಡುತ್ತವೆ. ಮೊದಲ ಸಲ ಅದನ್ನು ಕಂಡಾಗ ಕೈ ತಾನಾಗಿ ಚಪ್ಪಲಿ ಬಿಚ್ಚಲು ಹೋಯಿತು. ಆಮೇಲೆ ಸುತ್ತ ನೋಡಿದೆ. ಯಾರೂ ನೀರಿಗಿಳಿದಿರಲಿಲ್ಲ. ಬೆಂಚಿನ ಮೇಲೆ ಒಬ್ಬೊಬ್ಬರೇ ದೂರ ದೂರ ಕೂತಿದ್ದರು.

ಮನೆ ಹುಡುಕುವಾಗ ಇಲ್ಲಿ ಎರಡು ಬಾಡಿಗೆ ಹೇಳುತ್ತಾರೆ. ಕಾಲ್ಟ್‌ಮೀಟೆ ಅಂದರೆ ತಣ್ಣನೆಯ ಬಾಡಿಗೆ, ಬರೀ ಗೋಡೆ ಮತ್ತು ಸೂರಿಗೆ. ವಾರ್ಮ್‌ಮೀಟೆ ಅಂದರೆ ಬೆಚ್ಚನೆಯದು, ನೀರು ಮತ್ತು ಕೋಣೆ ಕಾಯಿಸುವ ಖರ್ಚು ಸೇರಿಸಿ. ಮೈಸೂರಿನಲ್ಲಿ ನಾನು ಬಾಡಿಗೆ ಕೇಳಲು ಹೋದಾಗಲೆಲ್ಲ ಮೊದಲ ಪ್ರಶ್ನೆ, "ನೀವು ಯಾವ ಜನ?" ಎಂಬುದು. ನಾವು ಬೌದ್ಧರು ಎಂದರೆ ಅವರಿಗೆ ಅರ್ಥವಾಗಿಬಿಡುತ್ತಿತ್ತು. ಆಮೇಲೆ ಮನೆ ಯಾವಾಗಲೂ ನೆಂಟರಿಗೆ ಕೊಟ್ಟಾಗಿರುತ್ತಿತ್ತು. ಇಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮೊದಲ ತಿಂಗಳು ಹಗುರವಾಗಿ ಓಡಾಡಿದೆ. ಕ್ರಮೇಣ ತಿಳಿಯಿತು, ಇಲ್ಲಿ ನನ್ನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಒಂದು ಭಾನುವಾರ ಚಟ್ನಿಗೆ ಮಿಕ್ಸಿ ಹಾಕಿದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿ "ರೂಹೆ!" ಎಂದರು. ರೂಹೆ ಎಂದರೆ ಸದ್ದಿಲ್ಲದಿರುವುದು, ಶಾಂತಿ. ಭಾನುವಾರ ಇಲ್ಲಿ ಗೋಡೆಗೆ ಮೊಳೆಯನ್ನೂ ಹೊಡೆಯುವಂತಿಲ್ಲ. ಸಂಜೆಯ ಊಟಕ್ಕೆ ಒಲೆ ಹಚ್ಚುವುದಿಲ್ಲ. ತಣ್ಣನೆಯ ಬ್ರೆಡ್ಡು, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ, ಅಷ್ಟೇ. ಏಷ್ಯಾದವರ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಕ್ಕ ದಿನ ಮುದ್ದೆ ಕಟ್ಟಿ ಫೋನಿನಲ್ಲಿ ತೋರಿಸಿದೆ. ತಮ್ಮನ ಹೆಂಡತಿ ಮಂಜುಳ, "ಅಕ್ಕ, ಅದೇನು ಗಂಟು ಗಂಟಾಗ್ಬುಟ್ಟದೆ! ನಮ್ ನಾಯೀಗೂ ಆಕಕ್ಕಾಗಲ್ಲ ಅದ್ನ," ಎಂದು ನಕ್ಕಳು. ಆ ನಗು ಕೇಳಿದ ಮೇಲೆ ಮುದ್ದೆ ಸಲೀಸಾಗಿ ಇಳಿಯಿತು.

ಗೋಡೆಗೆ ಹಾಕುವ ಮಾತನ್ನು ನಾನು ಆಡಿದ್ದಕ್ಕೆ ಕಾರಣವಿತ್ತು. ನಮ್ಮ ನಂಜನಗೂಡಿನ ಮನೆಯ ಹಾಲಿನಲ್ಲಿ, ಬುದ್ಧನ ಪಟದ ಪಕ್ಕದಲ್ಲೇ ಅಪ್ಪನ ಫೋಟೋ ಇದೆ. ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ಲಾರಿ ಓಡಿಸುತ್ತಿದ್ದರು. ಮುರಿದ ಸೇತುವೆಯೊಂದರ ಹತ್ತಿರ, ಲಾರಿಯ ಬಾನೆಟ್ಟಿಗೆ ಒರಗಿ ನಾಲ್ವರು ನಿಂತಿದ್ದಾರೆ. ಇಪ್ಪತ್ತೊಂದು ವರ್ಷದ ಅಪ್ಪ ನಗುತ್ತಿದ್ದಾರೆ. ಅವರ ಕೈ ಪಕ್ಕದ ಟೋಪಿಯಿಲ್ಲದ ಹುಡುಗನ ಹೆಗಲ ಮೇಲಿದೆ. ಊರಿನ ಹೋಟೆಲಿನಲ್ಲಿ ನಮ್ಮ ಕೇರಿಯವರು ಹೊರಗೆ ನಿಂತು ಟೀ ಕುಡಿಯುತ್ತಿದ್ದ ಕಾಲದಲ್ಲಿ, ಯುದ್ಧ ಮುಗಿಸಿ ಬಂದ ಅಪ್ಪ ಅದೇ ಬಟ್ಟೆಯಲ್ಲಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತರಂತೆ. ಯಾರೂ ಎಬ್ಬಿಸಲಿಲ್ಲವಂತೆ. ಅಂದಿನಿಂದ ಅವರು ಮಿಲ್ಟ್ರಿ ಸಿದ್ದರಾಜು.

ಚಿಕ್ಕವಳಿದ್ದಾಗ ಫೋಟೋದಲ್ಲಿರುವವರು ಯಾರು ಎಂದು ಕೇಳುತ್ತಿದ್ದೆ. ಇಬ್ಬರ ಹೆಸರನ್ನು ಅಪ್ಪ ಹೇಳುತ್ತಿದ್ದರು. ಒಬ್ಬ ಪಂಜಾಬಿನವನು, ಇನ್ನೊಬ್ಬ ತಮಿಳಿನವನು. ಟೋಪಿಯಿಲ್ಲದವನ ಬಗ್ಗೆ ಕೇಳಿದರೆ, "ಅವ್ನು ನಮ್ ಕಡೆಯವ್ನು," ಎಂದಷ್ಟೇ ಹೇಳಿ, ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು.

ಡಬ್ಬಿ ಬಿದ್ದ ದಿನದ ನಂತರ ಫ್ರಾವ್ ಕ್ರ್ಯೂಗರ್ ನನ್ನೊಂದಿಗೆ ಮಾತು ಬಿಟ್ಟರು. ಫ್ರಾವ್ ಎಂದರೆ ನಮ್ಮ ಶ್ರೀಮತಿ ಇದ್ದಂತೆ. ಎಷ್ಟು ದಿನ ಜೊತೆಗಿದ್ದರೂ ಇಲ್ಲಿ ಹೆಸರು ಹಿಡಿದು ಕರೆಯುವಂತಿಲ್ಲ, ಅಜ್ಜಿ, ಅವ್ವ ಎನ್ನುವಂತೆಯೂ ಇಲ್ಲ. ಒಂದು ಮಧ್ಯಾಹ್ನ ಅವರೇ ಕರೆದು, "ನಿಮ್ಮ ತಂದೆ ಯಾವ ಯುದ್ಧಕ್ಕೆ ಹೋಗಿದ್ದರು?" ಎಂದು ಕೇಳಿದರು. ಹೇಳಿದೆ. "ಗೆದ್ದರೋ?" ಗೆದ್ದರು ಎಂದೆ. ಅವರು ತಲೆಯಾಡಿಸಿ ಡಬ್ಬಿಯಿಂದ ಇನ್ನೊಂದು ಫೋಟೋ ತೆಗೆದು ನನ್ನ ಕೈಗಿಟ್ಟರು.

ರಷ್ಯಾದ ಕಡೆಯ ಯಾವುದೋ ಹಳ್ಳಿ. ಚಾವಣಿ ಹಾರಿಹೋದ ಒಂದು ಮನೆ. ಅದರ ಮುಂದೆ ಅವರ ಅಪ್ಪ ನಿಂತಿದ್ದಾನೆ, ಬಾಯ್ತುಂಬ ನಗು. ಫೋಟೋದ ಅಂಚಿನಲ್ಲಿ ಒಬ್ಬ ಹೆಂಗಸು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದಾಳೆ.

"ಯಾಕೆ ನಗುತ್ತಿದ್ದಾನೆ, ಹೇಳಿ ನೋಡೋಣ," ಎಂದರು ಫ್ರಾವ್ ಕ್ರ್ಯೂಗರ್. "ಫೋಟೋ ತೆಗೆಯುವವನು ನಗು ಅಂದನೇ? ಅಥವಾ ಅವಳನ್ನು ನೋಡಿ ನಗುತ್ತಿದ್ದಾನೆಯೇ? ಅವನು ವಾಪಸು ಬಂದ. ಬ್ರೆಡ್ಡಿನ ಅಂಗಡಿ ಇಟ್ಟ. ಮುದುಕನಾಗಿ ಸತ್ತ. ಭಾನುವಾರ ಭಾನುವಾರ ಕಾಫಿ ಬಗ್ಗಿಸಿ ಕೊಡುತ್ತಿದ್ದವಳು ನಾನೇ. ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ ಎಂಬುದೇ ಹೆದರಿಕೆ."

ಫೋಟೋವನ್ನು ಅವರ ಕೈಗೆ ವಾಪಸು ಕೊಟ್ಟೆ.

"ನಿಮ್ಮ ತಂದೆ ಇದ್ದಾರಲ್ಲ. ನೀವು ಕೇಳಿ," ಎಂದರು.

ಅಪ್ಪ ಇದ್ದರು, ನಿಜ. ಆದರೆ ನಾನು ಇಲ್ಲಿಗೆ ಬಂದ ಮೇಲೆ ಅವರ ನೆನಪು ದಿನದಿನಕ್ಕೆ ಕಳಚುತ್ತಿತ್ತು. ಮಧ್ಯಾಹ್ನ ಉಂಡು ಸಂಜೆಗೆ ಊಟವೇ ಕೊಟ್ಟಿಲ್ಲ ಎನ್ನುತ್ತಿದ್ದರು. ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಇಲ್ಲಿಯ ಹತ್ತಾರು ಅಪ್ಪಂದಿರಿಗೆ ತುತ್ತು ಕೊಡುತ್ತೇನೆ. ನನ್ನ ಅಪ್ಪನಿಗೆ ಮಂಜುಳ ಕೊಡುತ್ತಾಳೆ.

ಮರುದಿನ ಫೋನು ಮಾಡಿದೆ. ಮಂಜುಳ ಗೋಡೆಯಿಂದ ಫೋಟೋ ಇಳಿಸಿ ಅಪ್ಪನ ತೊಡೆಯ ಮೇಲಿಟ್ಟಳು. "ಮಾವ, ಅಕ್ಕ ಕೇಳ್ತಾವ್ಳೆ, ಈ ಪಕ್ದಲ್ಲಿರೋನು ಯಾರು ಅಂತ." ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಫೋನಿನಲ್ಲಿದ್ದ ನನ್ನ ಮುಖ ನೋಡಿದರು. ಅಳತೊಡಗಿದರು.

"ಅವ್ವ, ನೀನಾ," ಎಂದರು. "ನಿನ್ ಮಗನ್ನ ಕರ್ಕೊಂಡ್ ಬರಕ್ಕಾಗ್ನಿಲ್ಲ ಕಣವ್ವ. ಲಾರಿ ನಾನೇ ಓಡುಸ್ತಿದ್ದೆ. ಅವ್ನು ನಿಲ್ಸು ಅಂದ. ನಾ ನಿಲ್ಲುಸ್ನಿಲ್ಲ."

"ಅಪ್ಪ, ನಾನು ಸುಜಾತ ಕಣಪ್ಪ."

ಅವರಿಗೆ ಅದು ಕೇಳಿಸಲಿಲ್ಲ. "ಕಾಲಿಗ್ ಬೀಳ್ತೀನಿ, ಏನಾರ ಅನ್ನವ್ವ," ಎಂದು ಕೈ ಮುಗಿದರು. ಅಪ್ಪ ನನಗೆ ಕೈ ಮುಗಿಯುತ್ತಿದ್ದರು. ಏನು ಮಾಡಬೇಕೋ ತೋಚದೆ, "ಅವ್ನ ಹೆಸ್ರೇನಪ್ಪ?" ಎಂದುಬಿಟ್ಟೆ.

ಅಪ್ಪ ಅಳು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರು. "ಎತ್ ಮಗನ ಎಸ್ರು ನಿಂಗೇ ಗೊತ್ತಿಲ್ವಾ?"

ಮಂಜುಳ ಫೋನನ್ನು ಆಚೆ ತಿರುಗಿಸಿದಳು. ಹಾಲಿನ ಫ್ಯಾನು ಮಾತ್ರ ಕಾಣುತ್ತಿತ್ತು. ಅಪ್ಪನ ದನಿ ಕೇಳುತ್ತಲೇ ಇತ್ತು. ನಾನು ಏಳು ಸಮುದ್ರದಾಚೆ ಕೂತು ತಿರುಗುವ ಫ್ಯಾನನ್ನು ನೋಡುತ್ತಿದ್ದೆ.

ವಾರವೆಲ್ಲ ಅದೇ ಯೋಚನೆ. ಕೆಲಸದಲ್ಲಿ ನಮಗೆ ಹೇಳಿಕೊಟ್ಟದ್ದು, ಮರೆವಿನವರನ್ನು ತಿದ್ದಬೇಡಿ, ಅವರ ಲೋಕಕ್ಕೇ ಹೋಗಿ ಎಂದು. ಹಾಗಾದರೆ ಆ ಹುಡುಗನ ತಾಯಿಯಾಗಿ ಒಂದು ಮಾತು ಹೇಳಿಬಿಟ್ಟರೆ ಅಪ್ಪನ ಎದೆಯ ಭಾರ ಇಳಿದೀತಲ್ಲ. ಕ್ಷಮಿಸಲು ನನಗೆ ಹಕ್ಕಿದೆಯೇ ಎಂಬುದು ಕಾಡಿತು. ಆದರೂ ನಿರ್ಧರಿಸಿದೆ.

ಮುಂದಿನ ಸಲ ಫೋನು ಮಾಡಿದಾಗ ತಲೆಯ ಮೇಲೆ ಸೆರಗಿನ ಹಾಗೆ ದುಪಟ್ಟಾ ಹೊದ್ದುಕೊಂಡೆ. ಅಪ್ಪ ಮತ್ತೆ "ಅವ್ವ" ಎಂದರು. "ಓಗ್ಲಿ ಬುಡು ಮಗ," ಎಂದೆ. "ನಿಂದೇನೂ ತಪ್ಪಿಲ್ಲ. ನಿನ್ ಕೈಲಿ ಏನಿತ್ತು? ನೆಮ್ದಿಯಾಗಿರು."

ಅಪ್ಪ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಂದರು. "ಇಲ್ಲ," ಎಂದರು ನಿಧಾನವಾಗಿ. "ನೀನು ಆ ಅವ್ವ ಅಲ್ಲ. ತಲಕಾಡ್ಗೆ ಓಗಿದ್ದೆ ನಾನು. ಮರ್ಳಲ್ಲಿ ನಡ್ಕೊಂಡು ಓದೆ. ಬಾಗ್ಲಲ್ಲಿ ಮೊರ ಇಟ್ಕೊಂಡು ಕೂತಿದ್ಲು. ಎಲ್ಲ ಏಳ್ದೆ. ಆ ಅವ್ವ ಮಾತೇ ಆಡ್ನಿಲ್ಲ. ಮೊರ ಕೆಳುಕ್ ಮಡುಗಿ ಒಳುಕ್ ಓದ್ಲು."

ದುಪಟ್ಟಾ ತೆಗೆದು ಪಕ್ಕಕ್ಕಿಟ್ಟೆ.

ಇದನ್ನು ಫ್ರಾವ್ ಕ್ರ್ಯೂಗರ್‌ಗೆ ಹೇಳಿದೆ. ಜರ್ಮನ್ನಿನಲ್ಲಿ ಮೊರಕ್ಕೆ ಏನನ್ನುತ್ತಾರೋ ಗೊತ್ತಿರಲಿಲ್ಲ. ಕಾಳು ಕೇರುವ ಹಾಗೆ ಕೈಯಾಡಿಸಿ ತೋರಿಸಿದೆ. ಅವರು, "ನಿಮ್ಮ ತಂದೆ ಆ ಬಾಗಿಲವರೆಗಾದರೂ ಹೋದರಲ್ಲ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಇಲ್ಲಿ ಯಾರೂ ಹಾಗೆ ಹಿಡಿದುಕೊಳ್ಳುವುದಿಲ್ಲ.

ರಜೆ ಸಿಕ್ಕಿದ ಕೂಡಲೇ ನಂಜನಗೂಡಿಗೆ ಬಂದೆ. ಮೊದಲ ದಿನ ಅಪ್ಪ ನನ್ನನ್ನು ಯಾರೆಂದೂ ಗುರುತಿಸಲಿಲ್ಲ. ಮರುದಿನ ಆನಂದನನ್ನು ಹೊರಡಿಸಿಕೊಂಡು, ನರಸೀಪುರದಲ್ಲಿ ಬಸ್ಸು ಬದಲಿಸಿ ತಲಕಾಡಿಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಎಳನೀರು ಮಾರುತ್ತಿದ್ದ ಮುದುಕಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಎಸ್ರೇನವ್ವ?"

"ಗೊತ್ತಿಲ್ಲ ಕಣಮ್ಮ."

"ಯಾವ್ ಕೇರಿಯೋನು? ಯಾವ್ ಜನ?"

"ಅದೂ ಗೊತ್ತಿಲ್ಲ."

"ಎಸ್ರೂ ಇಲ್ಲ, ಕೇರೀನೂ ಇಲ್ಲ ಅಂದ್ರೆ ಎಲ್ಲಿ ಅಂತ ಉಡುಕ್ತೀಯವ್ವ?" ಎಂದಳು, ಮರುಕದಿಂದಲೇ. ಯಾವ ಪ್ರಶ್ನೆಗೆ ಹೆದರಿ ನಾನು ಮನೆಯಿಂದ ಮನೆಗೆ ಅಲೆದಿದ್ದೆನೋ ಅದೇ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅವನ ಮನೆ ಸಿಗುತ್ತಿತ್ತು. ಅವನು ನಮ್ಮವನೋ, ನಮ್ಮನ್ನು ಒಳಗೆ ಬಿಟ್ಟುಕೊಳ್ಳದವರ ಮಗನೋ ಅಪ್ಪ ಒಮ್ಮೆಯೂ ಹೇಳಿರಲಿಲ್ಲ. ಎಲ್ಲ ಕೇರಿಗಳಲ್ಲೂ ಹೊತ್ತು ಇಳಿಯುವವರೆಗೆ ಕೇಳಿದೆವು. ಆ ಕಾಲದವರು ಹೆಚ್ಚು ಉಳಿದಿರಲಿಲ್ಲ. ಉಳಿದವರೊಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಮರಳಿನ ಹಾದಿಯಲ್ಲಿ ಹಿಂದಿರುಗುವಾಗ ಆನಂದ, "ಬುಡಕ್ಕ, ಅಪ್ಪುಂಗೆ ನಾಳೆ ಅದೂ ಮರ್ತೋಯ್ತದೆ," ಎಂದ. ಸಮಾಧಾನಕ್ಕೆ ಹೇಳಿದ್ದು. ನನಗೆ ಅದಕ್ಕಿಂತ ಕೆಟ್ಟ ಸಮಾಧಾನ ಇನ್ನೊಂದಿರಲಿಲ್ಲ.

ನಂಜನಗೂಡಿನ ಮನೆಯಲ್ಲಿ ನಾನೀಗ ನೆಂಟರಂತೆ. ಸ್ಟೀಲ್ ಲೋಟ ಎಲ್ಲಿದೆ ಎಂದು ಮಂಜುಳನನ್ನು ಕೇಳಬೇಕು. ಬೆಳಗಿನ ಜಾವದಿಂದಲೇ ಸುರುವಾಗುವ ಬೀದಿಯ ಗದ್ದಲಕ್ಕೆ ಎಚ್ಚರವಾಗಿ, ಆ ಪರದೇಶದ ಭಾನುವಾರದ ಮೌನವನ್ನು ಮನಸ್ಸು ಬಯಸಿದಾಗ ನನಗೇ ನಾಚಿಕೆಯಾಯಿತು. ಅಲ್ಲಿದ್ದಾಗ ಇದೇ ಗದ್ದಲಕ್ಕಾಗಿ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದವಳು ನಾನೇ.

ಹೊರಡುವ ದಿನ ಅಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದ ಮನೆಯ ವ್ಯಾಪಾರಿ ಶಿವಣ್ಣ ಗೇಟಿನ ಹತ್ತಿರ ನಿಂತು, "ಏನ್ ಮಿಲ್ಟ್ರಿಯವ್ರೆ, ಮಗ್ಳು ಹೊಂಟವ್ರಾ?" ಎಂದು ಕೇಳಿದರು. ಅಪ್ಪ ನನ್ನ ಕಡೆ ತಿರುಗಿದರು. ಅವರ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ಬಂದ ಮೇಲೆ ಕಂಡಿರಲಿಲ್ಲ.

"ಊಂ ಕಣ್ರೀ. ನಮ್ ಸುಜಾತ. ಜರ್ಮನೀಲಿ ಪೋಸ್ಟಿಂಗು. ರಜದ ಮ್ಯಾಲೆ ಬಂದಿದ್ಲು," ಎಂದರು. "ಯುದ್ಧ ಮುಗುದ್ ಮ್ಯಾಲೆ ಬಂದ್ಬುಡ್ತಾಳೆ."

ಶಿವಣ್ಣ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಅಪ್ಪನ ಕಾಲು ಮುಟ್ಟಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಟೋ ಬಂದು ನಿಂತಿತ್ತು.

"ರಜ ಮುಗೀತಾ?" ಎಂದು ಕೇಳಿದರು.

"ಮುಗೀತಪ್ಪ."

"ಯುದ್ಧ?"

"ಇನ್ನೂ ಇಲ್ಲಪ್ಪ."

"ಅಂಗಾರೆ ಓಗು," ಎಂದರು ಅಪ್ಪ.