ನೆರಳಿನಲ್ಲಿಟ್ಟ ತಂತಿ

ಕಪ್ಪು ಪರದೆ ಸರಿಸಿ ಒಳಗೆ ಹೋದವಳು ಮೊದಲು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಲೇಸರ್ ಅದರ ಗಾಜಿಗೆ ಬಡಿದು ಕಣ್ಣಿಗೆ ಹೊಡೆದರೆ ಕಷ್ಟ. ಹಗಲೆಲ್ಲ ಈ ಕೋಣೆಯಲ್ಲೇ ಕಳೆಯುವ ಅವಳಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಕತ್ತಲಕ್ಕ.

ಅವಳ ಕೆಲಸ ಚಿನ್ನದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ತೇಲುವ ನೀರು ಕೆಂಪಗಿರುತ್ತದೆ. ಅದಕ್ಕೆ ಹಳದಿ ರಾಸಾಯನಿಕವೊಂದನ್ನು ಬೆರೆಸಿ ಹಸಿರು ಲೇಸರ್ ಹಾಯಿಸಿದರೆ, ಕಣಗಳ ಮೈಮೇಲೆ ಆ ರಾಸಾಯನಿಕ ಬದಲಾಗಿ ಹಳದಿ ಮಾಯವಾಗುತ್ತದೆ. ಬಿಸಿ ಬೇಡ, ಬೆಳಕೊಂದೇ ಸಾಕು ಎಂದು ಒಂಬತ್ತು ವರ್ಷಗಳ ಹಿಂದೆ ಅವಳೂ ಅವಳ ಪ್ರೊಫೆಸರೂ ಪೇಪರ್ ಬರೆದರು. ಪ್ರೊಫೆಸರಿಗೆ ಹೆಸರು ಬಂತು. ಅವಳು ಗುತ್ತಿಗೆ ಕೆಲಸದಲ್ಲೇ ಉಳಿದಳು.

“ನಮ್ಮ ಸೊಸೆ ದಿನಾ ಚಿನ್ನ ಕಲಸ್ತಾಳೆ, ಕಿವೀಲಿ ಮಾತ್ರ ಪ್ಲಾಸ್ಟಿಕ್,” ಎಂದು ಅತ್ತೆ ಬಂದವರೆದುರು ನಗುತ್ತಿದ್ದರು.

ಕಾಯಂ ಹುದ್ದೆಗೆ ಕೊನೆಗೂ ಅವಳ ಹೆಸರು ಹೋದ ವಾರವೇ, ತಾಪ ಅಳೆಯುವ ತಂತಿ ಕೆಟ್ಟಿತು. ಹೊಸದನ್ನು ಹಾಕುವಾಗ ಅದು ಜಾರಿ, ಬೆಳಕು ಬೀಳುವ ಜಾಗಕ್ಕೇ ಹೋಯಿತು. ಹಳೆಯದನ್ನು ಅವಳು ಬೆಳಕಿಗೆ ಅಡ್ಡ ಬಾರದಿರಲೆಂದು ಸೀಸೆಯ ಬದಿಗೆ, ನೆರಳಿನಲ್ಲಿ ಇಡುತ್ತಿದ್ದಳು. ಅಲ್ಲಿ ನೀರು ಯಾವಾಗಲೂ ತಣ್ಣಗೆ. ಬೆಳಕು ಬೀಳುವಲ್ಲಿ ಕೈಯಿಟ್ಟರೆ ಸುಡುವಷ್ಟು ಬಿಸಿ. ಬೆಳಕು ತಂತಿಯನ್ನೇ ಕಾಯಿಸಿತೇನೋ ಎಂಬ ಅನುಮಾನಕ್ಕೆ ಇನ್ನೊಂದು ಸೀಸೆಯನ್ನು ಕತ್ತಲೆಯಲ್ಲಿ, ಬಿಸಿನೀರಿನಲ್ಲಿಟ್ಟು ಅಷ್ಟೇ ಕಾಯಿಸಿದಳು. ಹಳದಿ ಅಷ್ಟೇ ಬೇಗ ಹೋಯಿತು.

“ಕೆಲಸ ಮಾಡಿದ್ದು ಬೆಳಕಲ್ಲ ಸರ್, ಬಿಸಿ,” ಎಂದಳು.

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. “ಇಷ್ಟು ವರ್ಷ ತಂತೀನ ನೆರಳಲ್ಲಿ ಇಟ್ಟೋರು ಯಾರಮ್ಮ?”

“ನಾನೇ ಸರ್.”

“ಹಾಗಾದ್ರೆ ಅಲ್ಲೇ ಇಡು. ನೀನು ಕಾಯಂ ಆಗೋದೂ ಆ ಪೇಪರ್ ಮೇಲೇ ಅಲ್ವಾ?”

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡರು. “ಒಲೆ ಮೇಲಿಟ್ರೂ ಆಗೋದಕ್ಕೆ ಅಷ್ಟು ದೊಡ್ಡ ದೀಪ ಬೇಕಿತ್ತೇನೇ?” ಎಂದು ನಕ್ಕವರು, ಸೊಸೆ ನಗದಿದ್ದುದನ್ನು ಕಂಡು ದನಿ ತಗ್ಗಿಸಿದರು. “ಊರಿಗೆಲ್ಲ ಡಂಗುರ ಹೊಡೀಬೇಡ. ಮೊದಲು ಆರ್ಡರ್ ಕೈಗೆ ಬರ್ಲಿ.”

ಮರುದಿನ ಅವಳು ತಂತಿಯನ್ನು ಬದಿಗೆ ಸರಿಸಿ, ಮತ್ತೆ ಜಾರದಂತೆ ಟೇಪ್ ಸುತ್ತಿದಳು. ಲೇಸರ್ ಹಚ್ಚಿದಳು. ನೀರು ತಣ್ಣಗಿದೆ ಎಂದು ಮೀಟರ್ ತೋರಿಸಿತು.

ಆರ್ಡರ್ ಬಂದಿದೆ. ಸೋಮವಾರದಿಂದ ಹೊಸ ವಿದ್ಯಾರ್ಥಿಗಳಿಗೆ ಅವಳೇ ಪಾಠ ಹೇಳುತ್ತಾಳೆ. ಪರದೆ ಎಳೆಯುವುದು ಹೇಗೆ, ಗಡಿಯಾರ ಬಿಚ್ಚುವುದು ಏಕೆ, ತಂತಿಯನ್ನು ಎಲ್ಲಿಡಬೇಕು.